ಸ್ಟೀಮ್ ಹೆಡರ್‌ಗೆ ವೈರ್‌ಲೆಸ್ ಪ್ರೆಷರ್ ಸೆನ್ಸರ್ ಕೂರಿಸುವ ಕ್ರಮ

ದಾವಣಗೆರೆ ಸುತ್ತಿನ ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯಿಸುವ ಹಬೆ ಹೊಟ್ಟಿನ ಬಾಯ್ಲರಿನಿಂದ ಬಂದು, ಸ್ಟೀಮ್ ಹೆಡರ್ ಎಂಬ ದಪ್ಪ ಪೈಪಿನಿಂದ ಬೇರೆ ಬೇರೆ ಕಡೆಗೆ ಹಂಚಿಹೋಗುತ್ತದೆ. ಆ ಹಬೆಯ ಒತ್ತಡ ಆಫೀಸಿನ ಸ್ಕ್ರೀನಿನಲ್ಲೂ ಮಾಲೀಕರ ಮೊಬೈಲಿನಲ್ಲೂ ಕಾಣಬೇಕೆಂದು ವೈರ್‌ಲೆಸ್ ಸೆನ್ಸರ್ ಹಾಕಿಸುತ್ತಾರೆ. ರೀಡಿಂಗ್ ತಪ್ಪಿದರೆ ಮೊದಲು ಬೈಗುಳ ತಿನ್ನುವುದು ನೆಟ್‌ವರ್ಕ್. ತಪ್ಪು ಬಹುತೇಕ ಪೈಪಿನ ಕಡೆಯೇ ಇರುತ್ತದೆ. ಅದಕ್ಕೇ ಇಲ್ಲಿ ಫಿಟ್ಟಿಂಗಿನ ಮಾತು ಹೆಚ್ಚು.

ಈ ಸೆನ್ಸರ್ ಇರುವುದು ನೋಡಲಿಕ್ಕೆ ಮಾತ್ರ. ಸೇಫ್ಟಿ ವಾಲ್ವ್, ಪ್ರೆಷರ್ ಸ್ವಿಚ್, ಬಾಯ್ಲರಿನ ಗೇಜ್ ಇವ್ಯಾವುದರ ಕೆಲಸವನ್ನೂ ಇದಕ್ಕೆ ವಹಿಸಬೇಡಿ, ಆ ಗೇಜಿನ ಲೈನಿಗೆ ಟೀ (ಕವಲು ಜೋಡಣೆ) ಕೂಡ ಹಾಕಬೇಡಿ. ಹೆಡರ್‌ನಲ್ಲಿ ಪ್ಲಗ್ ಹಾಕಿ ಬಿಟ್ಟ ಟ್ಯಾಪಿಂಗ್ (ಸೆನ್ಸರ್ ಜೋಡಿಸಲು ಬರುವ ತೂತು) ಇದ್ದರೆ ಅದೇ ಸಾಕು. ಹೊಸ ತೂತು ಕೊರೆದು ವೆಲ್ಡಿಂಗ್ ಮಾಡಬೇಕಾದರೆ ಬಾಯ್ಲರ್ ಇಲಾಖೆಯ ಒಪ್ಪಿಗೆ ಮತ್ತು ಸರ್ಟಿಫಿಕೇಟ್ ಇರುವ ವೆಲ್ಡರ್ ಎರಡೂ ಬೇಕು.

ಯಾವ ರೇಂಜಿನ ಸೆನ್ಸರ್?

ಗಿರಣಿಯ ಬಾಯ್ಲರ್ 10.5 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ್ದು ಎಂದುಕೊಳ್ಳಿ, ಅಂದರೆ ಸುಮಾರು 10.3 ಬಾರ್. ಇದಕ್ಕೆ 0–16 ಬಾರ್ ಸೆನ್ಸರ್ ಸರಿ. ದಿನನಿತ್ಯದ ಒತ್ತಡ ರೇಂಜಿನ ಅರ್ಧದಿಂದ ಮುಕ್ಕಾಲು ಭಾಗದೊಳಗೆ ಬರಬೇಕು. 'ದೊಡ್ಡದಿದ್ದರೆ ಸೇಫ್' ಎಂದು 0–100 ಬಾರ್ ತಂದರೆ, ಪೂರ್ಣ ರೇಂಜಿನ ಶೇ 0.25 ನಿಖರತೆಯ ಸೆನ್ಸರೇ ಆದರೂ ಕಾಲು ಬಾರ್ ಆಚೀಚೆ ತೋರಿಸಬಹುದು. 16 ಬಾರಿನದ್ದಾದರೆ ಅದೇ ವ್ಯತ್ಯಾಸ 0.04 ಬಾರ್.

ಸೆನ್ಸರ್ ಗೇಜ್ ಮಾದರಿಯದ್ದೇ ಆಗಿರಲಿ, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂದು ಅಳೆಯುವಂಥದ್ದು. ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುವ ಅಬ್ಸಲ್ಯೂಟ್ ಮಾದರಿ ತಂದು, ಸಮುದ್ರಮಟ್ಟದ ಲೆಕ್ಕದಲ್ಲಿ 1.013 ಬಾರ್ ಕಳೆಯುವಂತೆ ಸಾಫ್ಟ್‌ವೇರ್ ಇಟ್ಟರೆ ಲೆಕ್ಕ ತಪ್ಪುತ್ತದೆ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿಯ ಒತ್ತಡವೇ 0.94 ಬಾರ್ ಆಸುಪಾಸು. ಚಿತ್ರದುರ್ಗದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬಾಯ್ಲರ್ ತಣ್ಣಗಿದ್ದಾಗ ಸ್ಕ್ರೀನಿನಲ್ಲಿ ಮೈನಸ್ 0.07 ಕಂಡರೆ ಕಾರಣ ಇದೇ.

ಯೂನಿಟ್ಟಿನ ಜಗಳವನ್ನೂ ಆಗಲೇ ಮುಗಿಸಿಬಿಡಿ. ಗೇಜಿನಲ್ಲಿ ಕೆಜಿ, ಸ್ಕ್ರೀನಿನಲ್ಲಿ ಬಾರ್ ಇದ್ದರೆ 10.5ಕ್ಕೆ 10.3 ಕಾಣುತ್ತದೆ, ಅಟೆಂಡರ್ 'ಸೆನ್ಸರ್ ಸುಳ್ಳು ಹೇಳ್ತದೆ' ಎನ್ನುತ್ತಾನೆ. ಎರಡೂ ಕಡೆ ಕೆಜಿಯನ್ನೇ ಇಡಿ.

ಫಿಟ್ಟಿಂಗ್

ಹೆಡರ್‌ನಿಂದ ಹೊರಟು ಕ್ರಮ ಹೀಗೆ: ರೂಟ್ ವಾಲ್ವ್ (ಟ್ಯಾಪಿಂಗಿನ ಬುಡದ ವಾಲ್ವ್), ಸೈಫನ್ (ನೀರು ನಿಲ್ಲುವ ಸುರುಳಿ ಪೈಪು), ಬ್ಲೀಡ್ (ಒಳಗಿನ ಒತ್ತಡ ಹೊರಬಿಡುವ ವಾಲ್ವ್) ಇರುವ ಎರಡು ವಾಲ್ವಿನ ಮ್ಯಾನಿಫೋಲ್ಡ್ ಎಂಬ ಬ್ಲಾಕ್, ಕೊನೆಗೆ ಸೆನ್ಸರ್. ಟ್ಯಾಪಿಂಗ್ ಹೆಡರ್‌ನ ಮೇಲ್ಭಾಗ ಅಥವಾ ಪಕ್ಕದಿಂದ ಬರಬೇಕು. ಅಡಿಯಿಂದ ತೆಗೆದರೆ ತುಕ್ಕಿನ ಪುಡಿ, ಕೆಸರು ಬಂದು ಕಟ್ಟಿಕೊಳ್ಳುತ್ತದೆ.

ಸೈಫನ್ ಬಿಡುವಂತಿಲ್ಲ. 10.5 ಕೆಜಿಯಲ್ಲಿ ಹಬೆಯ ಬಿಸಿ 185 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸಾಮಾನ್ಯ ಸೆನ್ಸರ್ ತಡೆಯುವುದು 85ರಿಂದ 125 ಡಿಗ್ರಿ. ಸೈಫನ್ನಿನ ಸುರುಳಿಯಲ್ಲಿ ನಿಂತ ನೀರೇ ಹಬೆಗೆ ಅಡ್ಡ. ಆ ನೀರು ತಾನಾಗಿ ತುಂಬಿಕೊಳ್ಳುತ್ತದೆ ಎಂದು ಕಾಯುವಂತಿಲ್ಲ. ಜೋಡಿಸುವಾಗಲೇ ಶುದ್ಧ ನೀರು ಹೊಯ್ದು ತುಂಬಿ. ಖಾಲಿ ಸೈಫನ್ನಿಗೆ ವಾಲ್ವ್ ತೆರೆದರೆ ಹಬೆ ನೇರವಾಗಿ ಡಯಾಫ್ರಮ್ಮಿಗೆ (ಒತ್ತಡ ಗ್ರಹಿಸುವ ತೆಳು ಪೊರೆಗೆ) ಬಡಿಯುತ್ತದೆ. ಸೆನ್ಸರ್ ಅವತ್ತೇ ಸಾಯಲಿಕ್ಕಿಲ್ಲ, ಝೀರೋ (ಒತ್ತಡ ಇಲ್ಲದಾಗಿನ ರೀಡಿಂಗ್) ಮಾತ್ರ ಜಾರುತ್ತಾ ಹೋಗುತ್ತದೆ. ಕಾರಣ ಹುಡುಕುವವರಿಗೆ ಸೈಫನ್ ನೆನಪಾಗುವುದೇ ಇಲ್ಲ.

ತ್ರೆಡ್ ನೋಡಿ ತನ್ನಿ. ಅರ್ಧ ಇಂಚಿನ ಎನ್‌ಪಿಟಿ (ಅಮೆರಿಕದ ಮಾದರಿ) ಮತ್ತು ಬಿಎಸ್‌ಪಿ (ಬ್ರಿಟಿಷ್ ಮಾದರಿ) ಎರಡಕ್ಕೂ ಇಂಚಿಗೆ 14 ತ್ರೆಡ್. ಹಾಗಾಗಿ ಒಂದರೊಳಗೊಂದು ಕೂರುತ್ತವೆ, ಬಿಗಿಯೂ ಆಗುತ್ತವೆ. ಆದರೆ ತ್ರೆಡ್ಡಿನ ಕೋನ ಒಂದರದ್ದು 60, ಇನ್ನೊಂದರದ್ದು 55 ಡಿಗ್ರಿ. ಎಷ್ಟು ಟೇಪ್ ಸುತ್ತಿದರೂ ಒತ್ತಡ ಏರಿದಾಗ ಜಿನುಗುತ್ತದೆ. ಎನ್‌ಪಿಟಿಗೆ ಮೊದಲ ಎರಡು ತ್ರೆಡ್ ಬಿಟ್ಟು ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು, ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿ. ಬಿಎಸ್‌ಪಿ ಪ್ಯಾರಲಲ್ ತ್ರೆಡ್ಡಿಗೆ ಟೇಪ್ ಬೇಡ, ಅದರ ಸೀಲ್ ಇರುವುದು ತಾಮ್ರದ ವಾಷರಿನಲ್ಲಿ. ಸ್ಪ್ಯಾನರ್ ಹಿಡಿಯಬೇಕಾದ್ದು ಕೆಳಗಿನ ಷಡ್ಭುಜದ ಮೇಲೆ. ಮೇಲಿನ ಡಬ್ಬಿ ಹಿಡಿದು ತಿರುಗಿಸಿದರೆ ಒಳಗಿನ ವೈರ್ ಹರಿಯುತ್ತದೆ.

ಒಲೆಯ ಶಾಖ ತಪ್ಪಿಸಲೆಂದು ಸೆನ್ಸರನ್ನು ಕೆಳಗೆ ಇಳಿಸುತ್ತೀರಾ? ಸೈಫನ್ನಿನಿಂದ ಕೆಳಗಿನ ಪೈಪಿನಲ್ಲಿ ನೀರು ನಿಲ್ಲುತ್ತದೆ, ಪ್ರತಿ ಮೀಟರಿಗೆ 0.1 ಕೆಜಿ ಹೆಚ್ಚು ತೋರಿಸುತ್ತದೆ. ಮೂರು ಮೀಟರ್ ಇಳಿದಿದ್ದರೆ ಸೆಟ್ಟಿಂಗಿನಲ್ಲಿ 0.3 ಕಳೆಯಿರಿ.

ಡಬ್ಬಿಯ ಪಕ್ಕದಲ್ಲಿರುವ ಉಸಿರು ರಂಧ್ರಕ್ಕೆ ಬಣ್ಣ, ಹೊಟ್ಟಿನ ಬೂದಿ ಮೆತ್ತಬಾರದು. ಅದು ಮುಚ್ಚಿದರೆ ಮಧ್ಯಾಹ್ನ ಒಂದು, ಬೆಳಗಿನ ಜಾವ ಇನ್ನೊಂದು ರೀಡಿಂಗ್ ಬರುತ್ತದೆ. ರಂಧ್ರವನ್ನು ಕೆಳಮುಖವಾಗಿಡಿ.

ರೇಡಿಯೋ

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865–867 ಮೆಗಾಹರ್ಟ್ಸ್ ಮಾದರಿಯನ್ನೇ ತರಿಸಿ. ಅಮೆರಿಕದ 915 ಮಾದರಿ ಅಗ್ಗಕ್ಕೆ ಸಿಕ್ಕರೂ ಇಲ್ಲಿನ ಗೇಟ್‌ವೇಗೆ (ಸೆನ್ಸರಿನ ಸಿಗ್ನಲ್ ಹಿಡಿದು ನೆಟ್‌ವರ್ಕಿಗೆ ದಾಟಿಸುವ ಪೆಟ್ಟಿಗೆಗೆ) ಕೇಳಿಸದು, ಬಳಸುವುದೂ ತಪ್ಪು. ಆಂಟೆನಾ ನೆಟ್ಟಗೆ ನಿಲ್ಲಲಿ, ತಗಡಿನಿಂದಲೂ ಪೈಪಿನಿಂದಲೂ ಕನಿಷ್ಠ ಒಂದು ಅಡಿ ದೂರವಿರಲಿ. ಗೇಟ್‌ವೇಯನ್ನು ತಗಡಿನ ಶೆಡ್ಡಿನ ಒಳಗಿಡಬೇಡಿ. ಹೊರಗೆ ಎತ್ತರದಲ್ಲಿಟ್ಟು ಅರ್ತಿಂಗ್, ಸರ್ಜ್ ಅರೆಸ್ಟರ್ ಎರಡನ್ನೂ ಕೊಡಿ. ಮುಂಗಾರಿಗೆ ಮೊದಲಿನ ಸಿಡಿಲು ಯಾರನ್ನೂ ಬಿಡದು.

ಸಿಗ್ನಲ್ ಸರ್ವೆಯನ್ನು ಖಾಲಿ ಗೋದಾಮಿನಲ್ಲಿ ಮಾಡಿ ಮುಗಿಸಬೇಡಿ. ಭದ್ರಾ ಅಚ್ಚುಕಟ್ಟಿನ ಭತ್ತ ಬಂದು ಚೀಲಗಳು ಸೂರಿನವರೆಗೆ ಏರಿದಾಗ ಹಸಿ ಕಾಳು ಸಿಗ್ನಲನ್ನು ಹೀರುತ್ತದೆ. ಖಾಲಿ ಇದ್ದಾಗ ಸಿಗ್ನಲ್ ಬಲ ಮೈನಸ್ 100 ಡಿಬಿಎಂಗಿಂತ ಉತ್ತಮ (ಸೊನ್ನೆಗೆ ಹತ್ತಿರ) ಬಂದರೆ ಮಾತ್ರ ಆ ಜಾಗ ಒಪ್ಪಿಕೊಳ್ಳಿ. ಮೈನಸ್ 120ರ ಹತ್ತಿರ ಇದ್ದರೂ ಡೇಟಾ ಬರಬಹುದು, ಆದರೆ ಸಾಧನ ಸ್ಪ್ರೆಡಿಂಗ್ ಫ್ಯಾಕ್ಟರ್ 12ಕ್ಕೆ, ಅಂದರೆ ಸಂದೇಶವನ್ನು ಅತಿ ನಿಧಾನವಾಗಿ ಕಳಿಸುವ ಮಟ್ಟಕ್ಕೆ, ಏರುತ್ತದೆ. 7ರಲ್ಲಿ ಸೆಕೆಂಡಿನ ಸಣ್ಣ ತುಣುಕಿನಲ್ಲಿ ಮುಗಿಯುವ ಸಂದೇಶಕ್ಕೆ ಆಗ ಒಂದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ವರ್ಷಗಟ್ಟಲೆ ಬರಬೇಕಾದ ಬ್ಯಾಟರಿ ಬೇಗ ಖಾಲಿಯಾಗುವುದು ಹೀಗೆ.

ಬ್ಯಾಟರಿ 3.6 ವೋಲ್ಟಿನ ಲಿಥಿಯಂ ಥಯೋನಿಲ್ ಸೆಲ್. ಅಂಗಡಿಯ 1.5 ವೋಲ್ಟ್ ಸೆಲ್ ಹಾಕುವಂತಿಲ್ಲ, ಇದನ್ನು ಚಾರ್ಜ್ ಮಾಡುವಂತೆಯೂ ಇಲ್ಲ. ಬಹಳ ದಿನ ಇಟ್ಟ ಸೆಲ್ ಮೊದಲ ಲೋಡಿಗೆ ವೋಲ್ಟೇಜ್ ಕೆಡವಿ ಸೆನ್ಸರನ್ನು ಏಳಲು ಬಿಡದಿರಬಹುದು. ಸತ್ತಿದೆ ಎಂದು ಎಸೆಯುವ ಮೊದಲು ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆ ಲೋಡ್ ಕೊಟ್ಟು ಎಬ್ಬಿಸಿ ನೋಡಿ.

ಚಳ್ಳಕೆರೆ ಕಡೆ ಎಣ್ಣೆ ಗಿರಣಿಯ ಸಾಲ್ವೆಂಟ್ ವಿಭಾಗಕ್ಕಾದರೆ (ದ್ರಾವಕ ಹಾಕಿ ಎಣ್ಣೆ ತೆಗೆಯುವ ಕಡೆ) ಈ ಸಾಮಾನ್ಯ ಸೆನ್ಸರ್ ನಡೆಯದು. ಬೇಗ ಹೊತ್ತಿಕೊಳ್ಳುವ ಹೆಕ್ಸೇನ್ ದ್ರಾವಕದ ಆವಿ ಇರುವ ಜಾಗಕ್ಕೆ ಸ್ಫೋಟ ನಿರೋಧಕ ಸರ್ಟಿಫಿಕೇಟ್ ಇರುವ ಮಾದರಿಯೇ ಬೇಕು.

ಚಾಲೂ ಮಾಡುವುದು

ಫಿಟ್ಟಿಂಗಿಗೆ ಮೊದಲು ಬೆಂಚಿನ ಮೇಲೆ ಹ್ಯಾಂಡ್ ಪಂಪ್ ಮತ್ತು ಕ್ಯಾಲಿಬ್ರೇಟ್ ಆದ ಗೇಜ್ ಇಟ್ಟು 0, 4, 8, 12, 16 ಬಾರ್‌ಗಳಲ್ಲಿ ರೀಡಿಂಗ್ ಹೋಲಿಸಿ ಬರೆದಿಡಿ. ಕೂರಿಸಿದ ಮೇಲೆ ಬ್ಲೀಡ್ ತೆರೆದು, ಗಾಳಿಯ ಒತ್ತಡದಲ್ಲಿ ಝೀರೋ ಮಾಡಿ. ಆಮೇಲೆ ಬ್ಲೀಡ್ ಮುಚ್ಚಿ, ರೂಟ್ ವಾಲ್ವನ್ನು ನಿಧಾನಕ್ಕೆ ತೆರೆಯಿರಿ.

ಹೆಡರ್‌ಗೆ ನಿಮಿಷಕ್ಕೊಂದು ರೀಡಿಂಗ್ ಸಾಕು. ಸೆನ್ಸರ್ ನಿಂತರೂ ಸ್ಕ್ರೀನಿನಲ್ಲಿ ಹಳೆಯ ಅಂಕಿಯೇ ಕೂತಿರುವುದು ಅಪಾಯ, ಮೂರು ರೀಡಿಂಗ್ ತಪ್ಪಿದರೆ ಅಂಕಿ ಅಳಿಸಿ 'ಡೇಟಾ ಇಲ್ಲ' ಎಂದು ಬರುವಂತೆ ಇಡಿ. ಡೇಟಾ ಬರುತ್ತಲೇ ಇದ್ದು ಅಂಕಿ ಮಾತ್ರ ಅಲುಗಾಡದಿದ್ದರೆ ಸೈಫನ್ ಕಟ್ಟಿದೆ, ಇಲ್ಲವೇ ಯಾರೋ ರೂಟ್ ವಾಲ್ವ್ ಮುಚ್ಚಿದ್ದಾರೆ.

ಬಾಯ್ಲರಿನ ಹೈಡ್ರಾಲಿಕ್ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ದಿನ ರೂಟ್ ವಾಲ್ವ್ ಮುಚ್ಚಿ ಬ್ಲೀಡ್ ತೆರೆದಿಡಿ. ಒಂದೂವರೆ ಪಟ್ಟು ಒತ್ತಿದರೆ 15.75 ಕೆಜಿ, ಪಂಪ್ ಸ್ವಲ್ಪ ಮೀರಿದರೂ ಸೆನ್ಸರಿನ ರೇಂಜ್ ದಾಟುತ್ತದೆ. ಟೆಸ್ಟ್ ಮುಗಿಸಿ ಬಾಯ್ಲರ್ ಹಚ್ಚುವ ಮೊದಲು ಸೈಫನ್ನಿನಲ್ಲಿ ನೀರಿದೆಯೇ ನೋಡಿ, ಇಲ್ಲದಿದ್ದರೆ ಮತ್ತೆ ತುಂಬಿ. ಆಮೇಲೆ ಬ್ಲೀಡ್ ಮುಚ್ಚಿ, ರೂಟ್ ವಾಲ್ವನ್ನು ಮೊದಲಿನಂತೆ ನಿಧಾನಕ್ಕೆ ತೆರೆಯಿರಿ.