ಹನ್ನೆರಡು ಲೀಟರ್ ಥಿನ್ನರ್, ಒಂದು ಘೋಷಣಾ ಪತ್ರ

ಪೀಣ್ಯದ ನಮ್ಮ ಕಾರ್ಖಾನೆಯಿಂದ ಸಿಂಗಪುರದ ಗ್ರಾಹಕರಿಗೆ ಪೇಂಟ್ ಥಿನ್ನರ್ ಕಳುಹಿಸಬೇಕಾಗಿತ್ತು. ಒಂದೊಂದು ಲೀಟರಿನ ಹನ್ನೆರಡು ತಗಡಿನ ಡಬ್ಬಿಗಳು. ಬೇಗ ಹೊತ್ತಿಕೊಳ್ಳುವ ಇಂಥ ಸರಕು ವಿಮಾನ ಹತ್ತಬೇಕಾದರೆ ಕಳುಹಿಸುವವರೇ ‘ಶಿಪ್ಪರ್ಸ್ ಡಿಕ್ಲರೇಷನ್’ ಎಂಬ ಅಪಾಯಕಾರಿ ಸರಕಿನ ಘೋಷಣಾ ಪತ್ರ ತುಂಬಿ ಸಹಿ ಹಾಕಿ ಕೊಡಬೇಕು. ತರಬೇತಿ ಪಡೆದಿದ್ದವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ತಯಾರಕರು ಕೊಟ್ಟ ಸುರಕ್ಷತಾ ಮಾಹಿತಿ ಪತ್ರದ 14ನೆಯ ವಿಭಾಗ ಸಾಗಣೆಗೆ ಸಂಬಂಧಿಸಿದ್ದು. ಅಲ್ಲಿ ಯುಎನ್ 1263, ವರ್ಗ 3, ಪ್ಯಾಕಿಂಗ್ ಗ್ರೂಪ್ ಮೂರು ಎಂದಿತ್ತು. ಮೊದಲನೆಯದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಈ ಸರಕಿಗಿರುವ ಸಂಖ್ಯೆ, ವರ್ಗ 3 ಎಂದರೆ ಉರಿಯುವ ದ್ರವ, ಗ್ರೂಪ್ ಎಂಬುದು ಅಪಾಯದ ಮಟ್ಟ: ಒಂದು ಅತಿ ಹೆಚ್ಚು, ಮೂರು ಅತಿ ಕಡಿಮೆ. ನಕಲು ಮಾಡಿಕೊಂಡರೆ ಐದು ನಿಮಿಷದ ಕೆಲಸ. ಆದರೆ 9ನೆಯ ವಿಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್ (ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) 14 ಡಿಗ್ರಿ ಸೆಲ್ಸಿಯಸ್ ಎಂದಿದ್ದುದು ಕಣ್ಣಿಗೆ ಬಿತ್ತು. ಅದು 23 ಡಿಗ್ರಿಗಿಂತ ಕಡಿಮೆಯಿದ್ದು, ಕುದಿಯುವ ಬಿಂದು 35ಕ್ಕಿಂತ ಹೆಚ್ಚಿದ್ದರೆ ದ್ರವ ಎರಡನೆಯ ಗುಂಪಿಗೆ ಸೇರುತ್ತದೆ. ಮಂದವಾದ ಬಣ್ಣಗಳಿಗೆ ಒಂದು ರಿಯಾಯಿತಿ ಉಂಟು. ನೀರಿನಂತೆ ಹರಿಯುವ ಥಿನ್ನರಿಗೆ ಅದು ಸಲ್ಲದು. ತಯಾರಕರ ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. 14 ಡಿಗ್ರಿಯೇ ಸರಿ, ತಪ್ಪಿದ್ದದ್ದು ಸಾಗಣೆಯ ವಿಭಾಗ. ತಿದ್ದಿದ ಪತ್ರ ಕೈಸೇರುವವರೆಗೆ ನಾನು ಫಾರಂ ಮುಟ್ಟಲಿಲ್ಲ.

ಗುಂಪು ಬದಲಾದದ್ದೇ ತಡ, ಪೆಟ್ಟಿಗೆಗಳೂ ಬದಲಾಗಬೇಕಾಯಿತು. ಮೂರನೆಯ ಗುಂಪಿನದಾದರೆ ಪ್ರಯಾಣಿಕರ ವಿಮಾನದಲ್ಲಿ ಒಂದು ಪೆಟ್ಟಿಗೆಗೆ 60 ಲೀಟರ್‌ವರೆಗೂ ಅವಕಾಶ. ಎರಡನೆಯದಕ್ಕೆ 5 ಲೀಟರ್ ಮಾತ್ರ, ಪ್ಯಾಕಿಂಗ್ ಸೂಚನೆ 353. ಗೋದಾಮಿನಲ್ಲಿದ್ದ ರಟ್ಟಿನ ಪೆಟ್ಟಿಗೆಗಳ ಮೇಲೆ 4ಜಿ ಎಂಬ ರಟ್ಟಿನ ಪೆಟ್ಟಿಗೆಯ ಸಂಕೇತದ ಪಕ್ಕದಲ್ಲಿ ಝಡ್ ಗುರುತಿತ್ತು. ಅದು ಮೂರನೆಯ ಗುಂಪಿಗಷ್ಟೇ ಪರೀಕ್ಷೆಯಾದದ್ದು. ಎರಡನೆಯ ಗುಂಪಿಗೂ ಸಲ್ಲುವ ವೈ ಗುರುತಿನ ಮೂರು ಪೆಟ್ಟಿಗೆ ತರಿಸಿ, ಒಂದೊಂದರಲ್ಲಿ ನಾಲ್ಕು ಡಬ್ಬಿ ಇಟ್ಟೆವು.

ಫಾರಂನಲ್ಲಿ ‘ಥಿನ್ನರ್’ ಎಂದು ಬರೆಯುವ ಹಾಗಿಲ್ಲ. ನಿಯಮಾವಳಿಯ ಪಟ್ಟಿಯಲ್ಲಿರುವ ಹೆಸರು ‘ಪೇಂಟ್ ರಿಲೇಟೆಡ್ ಮೆಟೀರಿಯಲ್’. ಯುಎನ್ ಸಂಖ್ಯೆ, ಆ ಹೆಸರು, ವರ್ಗ, ಗುಂಪು, ಇದೇ ಕ್ರಮದಲ್ಲಿ ಬರಬೇಕು. ಪ್ರಮಾಣದ ಕಡೆ ಮೊದಲು ‘12 ಲೀಟರ್’ ಎಂದು ಬರೆದುಬಿಟ್ಟೆ. ಓದುವವರಿಗೆ ಅದು ಒಂದೇ ಪೆಟ್ಟಿಗೆಯ ಲೆಕ್ಕವೆಂದು ತೋರುತ್ತದೆ. ತಿದ್ದಿ ಪಕ್ಕದಲ್ಲಿ ಸಹಿ ಹಾಕಬಹುದಿತ್ತು, ಆದರೂ ಹೊಸ ಹಾಳೆ ತೆಗೆದುಕೊಂಡು ‘3 ರಟ್ಟಿನ ಪೆಟ್ಟಿಗೆ, ತಲಾ 4 ಲೀಟರ್’ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದೆ. ಈ ಪ್ರಮಾಣ ಪ್ರಯಾಣಿಕರ ವಿಮಾನಕ್ಕೂ ಸಲ್ಲುವುದರಿಂದ ಫಾರಂನಲ್ಲಿದ್ದ ‘ಸರಕು ವಿಮಾನಕ್ಕೆ ಮಾತ್ರ’ ಎಂಬುದನ್ನು ಹೊಡೆದುಹಾಕಿದೆ. ಅಂಚಿನ ಓರೆಪಟ್ಟಿಗಳು ಕೆಂಪಾಗಿಯೇ ಇರಬೇಕಾದ್ದರಿಂದ ಕಪ್ಪು-ಬಿಳುಪು ಪ್ರಿಂಟರಿನ ಹತ್ತಿರ ಹೋಗಲಿಲ್ಲ. ವಿಮಾನ ಸಾಗಣೆಯ ದಾಖಲೆಯಾದ ಏರ್‌ವೇ ಬಿಲ್‌ನಲ್ಲಿಯೂ ಈ ಘೋಷಣೆ ಜೊತೆಗಿದೆ ಎಂಬ ಸಾಲು ಬೇಕು.

ಇಷ್ಟು ಜಾಗ್ರತೆ ಏಕೆಂದು ಸಹೋದ್ಯೋಗಿಗಳು ಕೇಳಿದರು. ಈ ಹಾಳೆಯ ವಿವರಗಳೇ ವಿಮಾನ ಹೊರಡುವ ಮೊದಲು ಕ್ಯಾಪ್ಟನ್ ಕೈಗೆ ಕೊಡುವ ಸೂಚನಾ ಪತ್ರಕ್ಕೆ ಹೋಗುತ್ತವೆ. ಆಕಾಶದಲ್ಲಿ ಸರಕಿನ ಕಡೆಯಿಂದ ಹೊಗೆ ಬಂದರೆ ಅಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿಯಲು ಅವರಿಗಿರುವುದು ಅದೇ.

ಸಹಿಗೆ ಮುನ್ನ ಗೋದಾಮಿಗೆ ಹೋಗಿ, ಹಾಳೆಯನ್ನು ಕೈಯಲ್ಲಿ ಹಿಡಿದು ಪೆಟ್ಟಿಗೆಗಳನ್ನು ಸುತ್ತಲೂ ನೋಡಿದೆ. ಮೂರನೆಯದರಲ್ಲಿ ವಿಳಾಸದ ಚೀಟಿ ವರ್ಗ 3ರ ಕೆಂಪು ಲೇಬಲನ್ನು ಅರ್ಧ ಮುಚ್ಚಿತ್ತು. ಚೀಟಿ ಕಿತ್ತು ಬೇರೆಡೆ ಅಂಟಿಸಿ, ಲೇಬಲ್ ಹೊಸದು ಹಚ್ಚಿ, ಆಮೇಲೆ ಎರಡು ಪ್ರತಿಗಳಿಗೂ ಸಹಿ ಹಾಕಿದೆ.