ಪರೀಕ್ಷೆಗೆ ಮೂರೇ ವಾರ, ಮನೆಗೆ ಹೊಸದಾಗಿ ಬಂದ ಮಗು: ಓದಿಸುವುದು ಹೇಗೆ?

ಪೋಷಕತ್ವ ಯೋಜನೆಯಲ್ಲಿ, ಅಂದರೆ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಬೇರೆ ಕುಟುಂಬದ ಮನೆಯಲ್ಲಿ ಇರಿಸಿ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ, ಮಕ್ಕಳು ಶಾಲೆಯ ಕ್ಯಾಲೆಂಡರ್ ನೋಡಿಕೊಂಡು ಮನೆಗೆ ಬರುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಆದ ಮೇಲೆ ಬರುತ್ತಾರೆ. ಅದು ಜೂನ್ ಇರಬಹುದು, ಫೆಬ್ರುವರಿ ಕೊನೆಯೂ ಇರಬಹುದು. ಫೆಬ್ರುವರಿಯಾದರೆ ಮನೆಯವರಿಗೆ ಕೈಕಾಲೇ ಆಡುವುದಿಲ್ಲ. ಹತ್ತನೇ ಕ್ಲಾಸು, ಎದುರಿಗೇ ಎಸ್ಸೆಸ್ಸೆಲ್ಸಿ, ನೋಟ್ಸ್ ತೆಗೆದರೆ ಅರ್ಧಕ್ಕರ್ಧ ಖಾಲಿ.

ಇಲ್ಲಿ ಹೇಳುತ್ತಿರುವುದು ಅಂಥ ಮೂರು ವಾರದ ಬಗ್ಗೆ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಹೆಚ್ಚಿನದು ಹೊಂದುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವರ್ಷದ ಪಾಠ ಮೂರು ವಾರದಲ್ಲಿ ಮುಗಿಯುವುದಿಲ್ಲ. ಮುಗಿಸಿಯೇ ಸಿದ್ಧ ಅಂತ ಹೊರಟರೆ ಮಗುವೂ ಸುಸ್ತು, ದೊಡ್ಡವರೂ ಸುಸ್ತು. ಆಯ್ದುಕೊಂಡು ಓದಿಸಿ, ಉಳಿದದ್ದನ್ನು ಧೈರ್ಯವಾಗಿ ಬಿಡಿ. ಗಣಿತ ಟೀಚರ್ ಆಗಿಯೇ ಈ ಮಾತು ಹೇಳುತ್ತಿದ್ದೇನೆ.

ಪುಸ್ತಕಕ್ಕೂ ಮೊದಲು

ಇಂಥ ಮಗುವಿನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿರುತ್ತದೆ. ಹೆಚ್ಚಿನವರು ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಹೀಗೆ ಕೇಳುತ್ತಾರೆ: "ಅತ್ತೆ, ನಾ ಫೇಲಾದ್ರೆ ವಾಪಸ್ ಕಳಿಸ್ತೀರಾ?"

ಅದು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ. "ಮಾರ್ಕ್ಸ್ ಎಷ್ಟೇ ಬರಲಿ, ಅದಕ್ಕೂ ನೀನು ಈ ಮನೇಲಿ ಇರೋದಕ್ಕೂ ಸಂಬಂಧ ಇಲ್ಲ." ಇಷ್ಟು ಸಾಕು. ಇನ್ನೊಂದು ಹೆಜ್ಜೆ ಮುಂದೆ ಹೋಗಿ "ಯಾವತ್ತೂ ಇಲ್ಲೇ ಇರ್ತೀಯ" ಅನ್ನಬೇಡಿ. ಅದು ನಿಮ್ಮ ಕೈಯಲ್ಲಿಲ್ಲ, ಸಮಿತಿ ತೀರ್ಮಾನಿಸುವ ವಿಷಯ. ಪರೀಕ್ಷೆ ಮುಗಿಯುವವರೆಗೆ ಜಾಗ ಬದಲಾಗುತ್ತದಾ ಅಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕೇಳಿ, ಅವರು ಹೇಳಿದ್ದನ್ನು ಮಗುವಿಗೂ ಹೇಳಿ. ನಾಳೆ ಎಲ್ಲಿರುತ್ತೇನೆ ಅಂತ ಗೊತ್ತಿಲ್ಲದವರಿಗೆ ಇವತ್ತಿನ ಪಾಠ ತಲೆಗೆ ಹತ್ತುವುದಿಲ್ಲ.

ನೆರೆಹೊರೆಯವರ ಬಾಯಿಗೂ ಸ್ವಲ್ಪ ಬೀಗ ಬೇಕು. ನಮ್ಮ ಮಲೆನಾಡಿನ ಊರುಗಳಲ್ಲಿ "ಯಾರ ಮನೆ ಮಗು, ಅಪ್ಪ ಅಮ್ಮ ಎಲ್ಲಿ?" ಅಂತ ಕೇಳದೆ ಕಾಫಿ ಇಳಿಯುವುದಿಲ್ಲ. "ನಮ್ಮನೇಲಿ ಇದೆ, ಓದ್ತಾ ಇದೆ" ಅಂದು ಮಾತು ಮುಗಿಸಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಫೋಟೋ ಬೇಡವೇ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ.

ಶಾಲೆಗೆ ಹೋಗಿ ಬನ್ನಿ

ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು. ಸಮಿತಿಯ ಆದೇಶದ ಒಂದು ಜೆರಾಕ್ಸ್ ಹಿಡಿದುಕೊಂಡು ಹೋಗಿ, ಹೆಡ್‌ಮಾಸ್ಟರನ್ನೂ ಕ್ಲಾಸ್ ಟೀಚರನ್ನೂ ನೋಡಿ.

ಹತ್ತನೇ ಕ್ಲಾಸಾದರೆ ಮೊದಲ ಪ್ರಶ್ನೆ: ಪರೀಕ್ಷೆಗೆ ಹೆಸರು ಯಾವ ಶಾಲೆಯಿಂದ ನೋಂದಣಿ ಆಗಿದೆ? ಹಾಲ್ ಟಿಕೆಟ್ ಬರುವುದು ಅಲ್ಲಿಂದಲೇ. ಭದ್ರಾವತಿಯ ಶಾಲೆಯಲ್ಲಿ ನೋಂದಣಿ ಆಗಿದೆ, ಮಗು ಈಗ ಇರುವುದು ರಿಪ್ಪನ್‌ಪೇಟೆ ಹತ್ತಿರದ ನಿಮ್ಮ ಮನೆಯಲ್ಲಿ ಅಂತ ಇಟ್ಟುಕೊಳ್ಳಿ. ಆಗ ಪರೀಕ್ಷೆ ದಿನಗಳಲ್ಲಿ ಎಲ್ಲಿ ಉಳಿಯುವುದು, ಯಾರು ಕರೆದುಕೊಂಡು ಹೋಗುವುದು ಅನ್ನುವುದು ಪಾಠದಷ್ಟೇ ದೊಡ್ಡ ವಿಷಯ. ಹಿಂದಿನ ದಿನ ಯೋಚಿಸಿದರೆ ಆಗುವುದಿಲ್ಲ, ಘಟಕದವರಿಗೆ ಈಗಲೇ ತಿಳಿಸಿ.

ಚಿಕ್ಕ ಕ್ಲಾಸಿನವರಾದರೆ ಸ್ಯಾಟ್ಸ್ ನಂಬರ್ (ಸರ್ಕಾರದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿಗೆ ಕೊಟ್ಟ ಸಂಖ್ಯೆ) ಸಿಕ್ಕರೆ ಹಳೇ ಶಾಲೆಯ ದಾಖಲೆ ಹುಡುಕುವುದು ಸುಲಭ. ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ.

ಆಮೇಲೆ ಆಂತರಿಕ ಅಂಕದ ವಿಷಯ ಕೇಳಿ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಅದರಲ್ಲಿ ಬರೆಯುವುದು 100ಕ್ಕೆ, ಉಳಿದ 25 ಆಂತರಿಕ. ಬೇರೆ ಐದು ವಿಷಯಗಳಿಗೆ ತಲಾ 80 ಮತ್ತು 20. ಶಾಲೆ ಬದಲಾಯಿಸಿದ ಮಗುವಿನ ಪ್ರಾಜೆಕ್ಟು, ಚಟುವಟಿಕೆಯ ಅಂಕ ಎಲ್ಲೋ ಒಂದು ಕಡೆ ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ವಿಚಾರಿಸಿದರೆ ಸಿಗುವ ಅಂಕ ಅದು, ಸುಮ್ನೆ ಬಿಡಬೇಡಿ.

ಬರೆಯಲು, ಓದಲು ತೀರಾ ಕಷ್ಟ ಇದ್ದರೆ, ಕಲಿಕೆಯ ತೊಂದರೆ ಅಂತ ಮೊದಲೇ ವೈದ್ಯರು ಹೇಳಿದ್ದರೆ ಅದನ್ನೂ ತಿಳಿಸಿ. ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಇಂಥ ಮಕ್ಕಳಿಗೆ ಸಿಗುತ್ತದೆ. ಆದರೆ ಸರ್ಟಿಫಿಕೇಟ್ ಬೇಕು, ಅರ್ಜಿ ಶಾಲೆಯಿಂದಲೇ ಹೋಗಬೇಕು.

ಎಲ್ಲಿ ಎಡವುತ್ತಿದೆ ಅಂತ ನೋಡಿ

ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಹಳೇ ಪತ್ರಿಕೆ ಎಲ್ಲ ಇರುತ್ತವೆ. ಪೇಟೆಗೆ ಹೋದಾಗ ಪ್ರಿಂಟ್ ತೆಗೆಸಿ. ಗಡಿಯಾರ ಇಡಬೇಡಿ, ಉತ್ತರ ಬರೆಯಲೂ ಹೇಳಬೇಡಿ. ಮಗು ಪೆನ್ಸಿಲ್ ಹಿಡಿದು ಪ್ರಶ್ನೆ ಓದುತ್ತಾ ಹೋಗಲಿ. ಗೊತ್ತಿದ್ದರೆ ರೈಟು, ಅರ್ಧಂಬರ್ಧ ಗೊತ್ತಿದ್ದರೆ ಒಂದು ಗೆರೆ, ಕೇಳೇ ಇಲ್ಲ ಅಂದರೆ ಸೊನ್ನೆ. ಮೂರು ವಾರ ನೀವು ದುಡಿಯಬೇಕಾದದ್ದು ಗೆರೆ ಹಾಕಿದ ಪ್ರಶ್ನೆಗಳ ಮೇಲೆ. ಸೊನ್ನೆಗಳಲ್ಲಿ ಸುಲಭದ್ದು ಒಂದೆರಡು ಹೆಕ್ಕಿಕೊಳ್ಳಬಹುದು, ಅಷ್ಟೇ.

ಇನ್ನೊಂದು ಪರೀಕ್ಷೆ ನೀವು ಮಾಡಬೇಕು. ವಿಜ್ಞಾನದ ಪುಸ್ತಕದಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ತಡವರಿಸಿದರೆ ವಿಜ್ಞಾನ ಬರುವುದಿಲ್ಲ ಅಂತಲ್ಲ, ಓದುವುದೇ ಕಷ್ಟ ಇದೆ. ಅಂಥ ಮಗುವಿಗೆ ನೀವೇ ಪಾಠ ಓದಿ ಹೇಳಿ, ಅದು ಕೇಳಿಸಿಕೊಂಡು ತನ್ನ ಮಾತಿನಲ್ಲಿ ವಾಪಸ್ ಹೇಳಲಿ. ಉರ್ದು ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದಿ ಬಂದಿದ್ದರೆ ಪ್ರಶ್ನೆಪತ್ರಿಕೆ ಯಾವ ಮಾಧ್ಯಮದ್ದು ಬರುತ್ತದೆ ಅಂತಲೂ ಶಾಲೆಯಲ್ಲಿ ಖಾತ್ರಿ ಮಾಡಿಕೊಳ್ಳಿ.

ಗಣಿತದಲ್ಲಂತೂ ಹತ್ತನೇ ಕ್ಲಾಸಿನ ತಪ್ಪಿನ ಬೇರು ಆರು, ಏಳನೇ ಕ್ಲಾಸಿನಲ್ಲಿರುತ್ತದೆ. ಒಂದು ಲೆಕ್ಕ ನೋಡೋಣ. 20, 17, 14 ಹೀಗೆ ಹೋಗುವ ಸಮಾಂತರ ಶ್ರೇಢಿಯ 10ನೇ ಪದ ಕಂಡುಹಿಡಿಯಬೇಕು. ಸೂತ್ರ ಬಾಯಿಗೆ ಬರುತ್ತದೆ: a + (n − 1)d. ಇಲ್ಲಿ a ಮೊದಲ ಪದ, n ಎಷ್ಟನೇ ಪದ ಅನ್ನುವುದು, d ಒಂದು ಪದದಿಂದ ಮುಂದಿನದಕ್ಕೆ ಇರುವ ವ್ಯತ್ಯಾಸ. ಮಗು ನೀಟಾಗಿ 20 + 9 × 3 ಅಂತ ಬರೆದು, 47 ಅಂತ ಉತ್ತರ ಕೊಟ್ಟು, ಕೆಳಗೆ ಎರಡು ಗೆರೆ ಎಳೆಯುತ್ತದೆ. "ಸೂತ್ರ ಸರಿಯಾಗಿ ಕಲಿ" ಅಂತ ಇಲ್ಲಿ ಬೈದರೆ ಏನೂ ಉಪಯೋಗ ಇಲ್ಲ, ಸೂತ್ರ ಸರಿಯಾಗಿಯೇ ಇದೆ. "20, 17, 14... ಇಳೀತಾ ಇದೆ ಅಲ್ವಾ? ಹಾಗಾದ್ರೆ 47 ಎಲ್ಲಿಂದ ಬಂತು?" ಅಂತ ಕೇಳಿ. ಮಗು ಒಂದು ಕ್ಷಣ ನೋಡಿ, ಮೂರರ ಹಿಂದೆ ಮೈನಸ್ ಹಾಕುತ್ತದೆ. ಆಮೇಲೆ 20 ರಲ್ಲಿ 27 ಹೇಗೆ ಕಳೆಯುವುದು ಅಂತ ನಿಲ್ಲುತ್ತದೆ. ಬೇರು ಇರುವುದು ಅಲ್ಲಿ. ಉತ್ತರ −7.

ಈ ಮೈನಸ್‌ಗೆ ಎರಡು ಸಂಜೆ ಪೂರ್ತಿ ಕೊಡಿ. ಪುಸ್ತಕ ಬೇಡ, ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು ನಡುವೆ ಸೊನ್ನೆ, ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಬೆರಳಿಟ್ಟು ಹೆಜ್ಜೆ ಹಾಕಲಿ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಅನ್ನುವುದು ಕೈಗೆ ಕೂತರೆ ವರ್ಗ ಸಮೀಕರಣಕ್ಕೂ ದಾರಿಯಾಯಿತು. x² − 5x + 6 = 0 ಬಂದಾಗ ಗುಣಿಸಿದರೆ 6, ಕೂಡಿದರೆ −5 ಆಗುವ ಜೋಡಿ −2 ಮತ್ತು −3 ಅಂತ ತಾನೇ ಹುಡುಕುತ್ತದೆ. ಎರಡು ಚರಾಕ್ಷರದ ರೇಖಾತ್ಮಕ ಸಮೀಕರಣಕ್ಕೂ ಇದೇ ಬೇಕು. ಒಂದು ಕಡೆ ಸರಿಮಾಡಿದರೆ ಮೂರು ಅಧ್ಯಾಯ ಸಲೀಸಾಗುತ್ತದೆ. ಹೀಗಿರುವಾಗ ತ್ರಿಕೋನಮಿತಿಯ ಕಷ್ಟದ ಲೆಕ್ಕಗಳ ಹಿಂದೆ ಯಾಕೆ ಬೀಳಬೇಕು?

ಸಮಯದ ಲೆಕ್ಕ

ಸಂಜೆ ಬಸ್ಸಿಳಿದು, ಕೈಕಾಲು ತೊಳೆದು, ತಿಂಡಿ ತಿಂದು ಕೂರುವಾಗ ಆರೂವರೆ. ಒಂಬತ್ತರ ಮೇಲೆ ಓದಿಸಬೇಡಿ. ನಡುವೆ ಊಟ ಕಳೆದರೆ ದಿನಕ್ಕೆ ಎರಡು ಗಂಟೆ. ಮೂರು ವಾರದಲ್ಲಿ 18 ದಿನಕ್ಕೆ 36 ಗಂಟೆ, ಮೂರು ಭಾನುವಾರ ನಾಲ್ಕು ನಾಲ್ಕು ಗಂಟೆಯಂತೆ 12. ಒಟ್ಟು 48. ಆರು ವಿಷಯಕ್ಕೆ ಹಂಚಿದರೆ ತಲಾ ಎಂಟೇ ಗಂಟೆ! ಈ ಲೆಕ್ಕವನ್ನು ಮಗುವಿನ ಜೊತೆ ಕೂತು ಹಾಳೆಯಲ್ಲಿ ಬರೆಯಿರಿ. ಎಲ್ಲವನ್ನೂ ಓದಲು ಆಗುವುದಿಲ್ಲ ಅಂತ ಅದಕ್ಕೂ ಕಣ್ಣಿಗೆ ಕಾಣಲಿ. ಸಮನಾಗಿ ಹಂಚಲೂ ಬೇಡಿ. ಗಣಿತ, ವಿಜ್ಞಾನಕ್ಕೆ ಹನ್ನೆರಡು ಹನ್ನೆರಡು, ಸಮಾಜಕ್ಕೆ ಎಂಟು, ಉಳಿದ ಹದಿನಾರು ಮೂರು ಭಾಷೆಗಳಿಗೆ. ನಲವತ್ತು ನಿಮಿಷ ಕೂತರೆ ಹತ್ತು ನಿಮಿಷ ಎದ್ದು ಓಡಾಡಲಿ.

ಗಾಳಿ ಬಂದರೆ ಕರೆಂಟ್ ಹೋಗುವ ಊರು ನಮ್ಮದು. ಚಾರ್ಜ್ ಮಾಡಿದ ಲೈಟ್ ಮೇಜಿನ ಮೇಲೇ ಇರಲಿ. ಅಡಿಕೆ ಸುಲಿಯುವ ಕೆಲಸ ಬಾಕಿ ಇದ್ದರೆ ಮಗುವನ್ನು ಕೂರಿಸಬೇಡಿ. ಪರೀಕ್ಷೆ ಇರಲಿ ಬಿಡಲಿ, ಅದು ನಿಮ್ಮ ಮನೆಗೆ ಕೆಲಸಕ್ಕೆ ಬಂದದ್ದಲ್ಲ. ತಾನು ತಿಂದ ತಟ್ಟೆ ತೊಳೆಯುವುದು ಬೇರೆ ಮಾತು.

ಹೊಸ ಟ್ಯೂಷನ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಮನೆ, ಹೊಸ ಶಾಲೆ, ಅದರ ಮೇಲೆ ಹೊಸ ಮೇಷ್ಟ್ರು. ಎಷ್ಟು ಅಂತ ತಡೆದುಕೊಳ್ಳುವುದು? ಪಕ್ಕದ ಮನೆಯಲ್ಲಿ ಪಿಯುಸಿ ಓದುವ ಅಕ್ಕನೋ ಅಣ್ಣನೋ ಇದ್ದರೆ, ನೀವೂ ಇರುವ ಜಗುಲಿಯಲ್ಲಿ ವಾರಕ್ಕೆರಡು ದಿನ ಅವರ ಜೊತೆ ಕೂರಲಿ.

ಬೇಗ ಸಿಗುವ ಅಂಕಗಳು

ವಿಜ್ಞಾನದಲ್ಲಿ ಚಿತ್ರ. ಕಣ್ಣು, ಮೆದುಳು, ಹೂವಿನ ನೀಳಸೀಳಿಕೆ, ಮಸೂರದ ಕಿರಣಚಿತ್ರ. ದಿನಕ್ಕೊಂದು, ಭಾಗ ಗುರುತಿಸಿ, ನೋಡದೆ ಬರೆಯಲಿ. ಓದಲು ಬೇಸರಪಡುವ ಮಕ್ಕಳೂ ಚಿತ್ರಕ್ಕೆ ಕೂರುತ್ತಾರೆ. ಸಮಾಜದಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವುದು. ಕನ್ನಡ, ಇಂಗ್ಲಿಷಿನಲ್ಲಿ ಪತ್ರ, ಪ್ರಬಂಧ, ಪದ್ಯದ ಕಂಠಪಾಠ. ಪದ್ಯವನ್ನು ಬೆಳಿಗ್ಗೆ ಬಸ್ ಸ್ಟಾಪಿಗೆ ನಡೆಯುವಾಗ ಹೇಳಿಸಿ. ಗಣಿತದ ಮಾದರಿ ಪತ್ರಿಕೆಗಳಲ್ಲಿ 38 ಪ್ರಶ್ನೆ, ಅದರಲ್ಲಿ ಮೊದಲ ಹದಿನಾರು ಒಂದೊಂದು ಅಂಕದವು. ದಿನಾ ಹದಿನೈದು ನಿಮಿಷ ಬರೀ ಇವನ್ನೇ ಮಾಡಿಸಿ.

ಓದು ನಿಂತುಹೋಗುವ ದಿನಗಳು

ಇಂಥ ದಿನ ಬಂದೇ ಬರುತ್ತದೆ. ಹೆತ್ತಮ್ಮನ ಫೋನ್ ಬಂದಿರುತ್ತದೆ, ಇಲ್ಲಾ ಬರಬೇಕಿದ್ದ ಫೋನ್ ಬಂದಿರುವುದಿಲ್ಲ. ಮಗು ಪುಸ್ತಕ ತೆರೆದು ಒಂದೇ ಪುಟ ನೋಡುತ್ತಿರುತ್ತದೆ. "ಪರೀಕ್ಷೆ ಹತ್ರ ಬಂತು" ಅಂತ ನೆನಪಿಸಬೇಡಿ, ಅದಕ್ಕೆ ಗೊತ್ತಿದೆ. ಪುಸ್ತಕ ಮುಚ್ಚಿಸಿ. ಅಡುಗೆಮನೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾತಾಡಿದರೆ ಕೇಳಿ, ಇಲ್ಲದಿದ್ದರೆ ಸುಮ್ಮನಿರಿ. ಹೋದ ಎರಡು ಗಂಟೆಯನ್ನು ಭಾನುವಾರಕ್ಕೆ ಸೇರಿಸಲೂ ಬೇಡಿ, ಹೋಯಿತು ಅಷ್ಟೇ.

ಸಮಿತಿಯ ಮುಂದೆ ಹಾಜರಾಗುವ ದಿನ, ಹೆತ್ತವರ ಭೇಟಿಯ ದಿನ ಪರೀಕ್ಷೆಯ ನಡುವೆ ಬರುವ ಹಾಗಿದ್ದರೆ ವೇಳಾಪಟ್ಟಿ ತೋರಿಸಿ ಮುಂದಕ್ಕೆ ಹಾಕಲು ಕೇಳಿ. ಭೇಟಿ ರದ್ದು ಮಾಡಿಸಬೇಡಿ. ಪರೀಕ್ಷೆಯ ಕಾರಣಕ್ಕೆ ಅಮ್ಮನನ್ನು ನೋಡಲು ಬಿಡಲಿಲ್ಲ ಅನ್ನುವುದು ಮನಸ್ಸಿನಲ್ಲಿ ಉಳಿದುಬಿಡುತ್ತದೆ. ರಾತ್ರಿ ನಿದ್ದೆಯೇ ಇಲ್ಲ, ಊಟ ಬಿಟ್ಟಿದೆ ಅಂದರೆ ಘಟಕದ ಆಪ್ತಸಮಾಲೋಚಕರಿಗೆ ಹೇಳಿ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಪರೀಕ್ಷೆಯ ವಾರ

ಕೇಂದ್ರಕ್ಕೆ ಒಂದು ಸಲ ಮೊದಲೇ ಹೋಗಿ ಬನ್ನಿ, ಅದೂ ಪರೀಕ್ಷೆಗೆ ಹೋಗುವ ಹೊತ್ತಿನ ಬಸ್ಸಿನಲ್ಲೇ. ತೀರ್ಥಹಳ್ಳಿ, ಹೊಸನಗರದ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಒಂದು ತಪ್ಪಿದರೆ ಮುಂದಿನದು ಯಾವಾಗಲೋ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಫ್ರೀ ಇದ್ದರೂ ಆ ಹೊತ್ತಿಗೆ ಆ ಬಸ್ಸು ಇರಬೇಕಲ್ಲ!

ಪತ್ರಿಕೆ ಓದಲು 15 ನಿಮಿಷ ಬೇರೆಯೇ ಸಿಗುತ್ತದೆ. ಗೊತ್ತಿರುವ ಪ್ರಶ್ನೆಗಳನ್ನು ಆಗಲೇ ಮನಸ್ಸಿನಲ್ಲಿ ಗುರುತು ಮಾಡಿಕೊಂಡು ಅವನ್ನೇ ಮೊದಲು ಬರೆಯಲು ಹೇಳಿಕೊಡಿ. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಲಿ. ಗೊತ್ತಿಲ್ಲದ ಲೆಕ್ಕಕ್ಕೂ ಸೂತ್ರ ಬರೆದು, ಕೊಟ್ಟ ಬೆಲೆಗಳನ್ನು ಹಾಕಿ ಬರಲಿ. ಹೆಜ್ಜೆಗೂ ಅಂಕ ಇರುತ್ತದೆ, ಖಾಲಿ ಬಿಟ್ಟರೆ ಮಾತ್ರ ಏನೂ ಇಲ್ಲ.

ಮನೆಗೆ ಬಂದಾಗ ಪತ್ರಿಕೆ ಕೈಯಲ್ಲಿ ಹಿಡಿದು ಒಂದೊಂದೇ ಪ್ರಶ್ನೆ ವಿಚಾರಿಸಬೇಡಿ. ಊಟ ಹಾಕಿ. ನಾಳೆಯದು ಯಾವ ವಿಷಯ ಅಂತ ಕೇಳಿ.

ಫಲಿತಾಂಶ ಬಂದ ಮೇಲೆ

2024ರಿಂದ ಎಸ್ಸೆಸ್ಸೆಲ್ಸಿಯನ್ನು ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಪರೀಕ್ಷೆ-1 ರಲ್ಲಿ ಒಂದು ವಿಷಯ ಹೋದರೆ ಪರೀಕ್ಷೆ-2 ರಲ್ಲಿ ಅದನ್ನಷ್ಟೇ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಎರಡರಲ್ಲಿ ಜಾಸ್ತಿ ಬಂದದ್ದು ಉಳಿಯುತ್ತದೆ. ಇದನ್ನು ಮಗುವಿಗೆ ಪರೀಕ್ಷೆಗೆ ಮೊದಲೇ ಹೇಳಿದ್ದರೆ ಭಯ ಅರ್ಧ ಇಳಿದಿರುತ್ತದೆ. ನೋಂದಣಿಗೆ ಕೊಡುವ ದಿನಗಳು ಕಡಿಮೆ. ಫಲಿತಾಂಶದ ಮರುದಿನವೇ ನೋಂದಣಿಯಾದ ಶಾಲೆಗೆ ಫೋನ್ ಮಾಡಿ. ಅಂಕಪಟ್ಟಿ ಕೈಗೆ ಬಂದಾಗ ಹೆಸರು, ಹುಟ್ಟಿದ ದಿನಾಂಕ, ಹೆತ್ತವರ ಹೆಸರು ಸರಿ ಇದೆಯಾ ನೋಡಿ, ತಪ್ಪಿದ್ದರೆ ಆಗಲೇ ಶಾಲೆಗೆ ತಿಳಿಸಿ. ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಿ. ಇನ್ನೊಂದನ್ನು ಮೂಲಪ್ರತಿಯ ಜೊತೆ ಮಗುವಿನ ಹೆಸರಿನ ಫೈಲಿನಲ್ಲಿಡಿ. ಮಗು ನಿಮ್ಮ ಮನೆಯಿಂದ ಎಲ್ಲಿಗೆ ಹೋದರೂ ಆ ಫೈಲು ಅದರ ಜೊತೆಗೇ ಹೋಗಬೇಕು.