ಬ್ಯಾಕ್ಟೀರಿಯಾ ವಿಷ, ಆಕರಕೋಶ ಮತ್ತು ರಕ್ತನಾಳದ ದುರಸ್ತಿ: ನನ್ನ ಪ್ರಯೋಗಾಲಯದ ಅನುಭವ

ಇ. ಕೋಲಿಯಂತಹ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಎಲ್‌ಪಿಎಸ್ ಎಂಬ ವಿಷವು ಅಲ್ಪ ಪ್ರಮಾಣದಲ್ಲಿ ತಾಗಿದಾಗ ಮೀಸೆಂಕೈಮಲ್ ಆಕರಕೋಶಗಳು (ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಿ ಮಾರ್ಪಡಬಲ್ಲ ಸ್ಟೆಮ್ ಸೆಲ್‌ಗಳು) ಸಾಯುವುದಿಲ್ಲ. ಉರಿಯೂತದ ಸಂಕೇತ ಒಯ್ಯುವ ಐಎಲ್-6, ಐಎಲ್-8, ರಕ್ತನಾಳದ ಬೆಳವಣಿಗೆಯನ್ನು ಪ್ರಚೋದಿಸುವ ವಿಇಜಿಎಫ್ ಮುಂತಾದ ಪ್ರೋಟೀನುಗಳನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಈ ಸ್ರಾವವು ಗಾಯಗೊಂಡ ರಕ್ತನಾಳಕ್ಕೆ ನಿಜವಾಗಿ ನೆರವಾಗುತ್ತದೆಯೇ ಎಂಬುದನ್ನು ಪರೀಕ್ಷಿಸಲು, ನೈತಿಕ ಸಮಿತಿಯ ಅನುಮತಿ ಪಡೆದು, ದಾನವಾಗಿ ಬಂದ ಹೊಕ್ಕುಳಬಳ್ಳಿಗಳನ್ನು ಬಳಸಿದೆ. ಬಳ್ಳಿಯ ಲೋಳೆಯಂತಹ ಅಂಗಾಂಶದಿಂದ ಆಕರಕೋಶಗಳೂ ಅದರ ಅಭಿಧಮನಿಯಿಂದ ರಕ್ತನಾಳದ ಒಳಪದರದ ಕೋಶಗಳೂ ದೊರೆಯುತ್ತವೆ.

ಎಲ್‌ಪಿಎಸ್ ಅನ್ನು ಗುರುತಿಸುವುದು ಕೋಶದ ಮೇಲಿನ ಟಿಎಲ್ಆರ್4 ಎಂಬ ಗ್ರಾಹಕ. ಆದರೆ ವಿಷವನ್ನು ಅದಕ್ಕೆ ತಲುಪಿಸುವ ಸಿಡಿ14 ಪ್ರೋಟೀನು ಈ ಆಕರಕೋಶಗಳ ಮೇಲೆ ಇರುವುದಿಲ್ಲವೆಂದೇ ಹೇಳಬೇಕು. 2006ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದರ ಅಭಾವವೇ ಇವುಗಳ ಗುರುತುಗಳಲ್ಲೊಂದು. ಸೀರಮ್‌ನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ಕರಗಿರುವ ಸಿಡಿ14 ಆ ಕೆಲಸ ಮಾಡುವುದರಿಂದ, ವಿಷ ತಾಗಿಸುವ ಹಂತದಲ್ಲಿ ನಾನು ಪೋಷಕದ್ರವದಿಂದ ಸೀರಮ್ ಅನ್ನು ಪೂರ್ತಿಯಾಗಿ ತೆಗೆಯಲಿಲ್ಲ.

ಬಳಿಕ ಕೋಶಗಳನ್ನು ತೊಳೆದು, ಹೊಸ ದ್ರವ ಹಾಕಿ, 24 ಗಂಟೆಗಳ ನಂತರ ಸ್ರಾವವನ್ನು ಸಂಗ್ರಹಿಸುತ್ತಿದ್ದೆ. ನನ್ನ ಮಟ್ಟಿಗೆ ಇಡೀ ಪ್ರಯೋಗದ ನಂಬಿಕೆ ನಿಂತಿರುವುದು ಇಲ್ಲಿಯೇ. ಎಲ್‌ಪಿಎಸ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. 121 ಡಿಗ್ರಿಯ ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ಶುದ್ಧಗೊಳಿಸುವ ಯಂತ್ರ) ಅದು ನಾಶವಾಗುವುದಿಲ್ಲ, ಆದ್ದರಿಂದ ಗಾಜಿನ ಸಾಮಾನನ್ನು 250 ಡಿಗ್ರಿಯ ಒಣಶಾಖದಲ್ಲಿ ಅರ್ಧ ಗಂಟೆ ಇಡಬೇಕು. ರಕ್ತನಾಳದ ಕೋಶಗಳಿಗೂ ಟಿಎಲ್ಆರ್4 ಇರುವುದರಿಂದ, ಉಳಿದುಹೋದ ವಿಷವೇ ಅವುಗಳನ್ನು ಕೆರಳಿಸಿದರೆ ಅದರ ಕೀರ್ತಿ ಸುಮ್ಮನೆ ಆಕರಕೋಶಗಳಿಗೆ ಸಲ್ಲುತ್ತದೆ. ಹಾಗಾಗದಂತೆ, ಕೋಶಗಳೇ ಇಲ್ಲದ ತಟ್ಟೆಗೂ ಎಲ್‌ಪಿಎಸ್ ಹಾಕಿ, ಅದೇ ರೀತಿ ತೊಳೆದು, ಅದರ ದ್ರವವನ್ನೂ ಹೋಲಿಕೆಗೆ ಇಟ್ಟುಕೊಂಡೆ. ಎಲ್‌ಪಿಎಸ್ ಅನ್ನು ಹಿಡಿದಿಡುವ ಪಾಲಿಮಿಕ್ಸಿನ್ ಬಿ ಎಂಬ ಪ್ರತಿಜೀವಕವೂ ಉಂಟು. ಆದರೆ ಪ್ರಮಾಣ ಹೆಚ್ಚಾದರೆ ಅದು ತಾನೇ ಕೋಶಗಳಿಗೆ ಹಾನಿ ಮಾಡುವುದರಿಂದ ಖಾಲಿ ತಟ್ಟೆಯನ್ನೇ ನಾನು ಹೆಚ್ಚು ನೆಚ್ಚುತ್ತೇನೆ.

ರಕ್ತನಾಳದ ಕೋಶಗಳ ಹಾಸಿನಲ್ಲಿ ಗೀರೆಳೆದು ನೋಡಿದಾಗ, ವಿಷ ತಾಗಿದ ಆಕರಕೋಶಗಳ ಸ್ರಾವದಲ್ಲಿ ಗೀರು ಬೇಗ ಮುಚ್ಚಿಕೊಂಡಿತು. ಖಾಲಿ ತಟ್ಟೆಯ ದ್ರವದಲ್ಲಿ ಹಾಗಾಗಲಿಲ್ಲ. ಕೋಶಗಳು ವಿಭಜನೆಗೊಂಡು ಜಾಗ ತುಂಬದಂತೆ ಮೊದಲೇ ಮೈಟೋಮೈಸಿನ್ ಸಿ ಬಳಸಿದ್ದರಿಂದ, ಇದನ್ನು ಕೋಶಗಳ ಚಲನೆಯೆಂದೇ ಓದಿಕೊಂಡೆ. ವಿಇಜಿಎಫ್ ಅನ್ನು ತಡೆಯುವ ಪ್ರತಿಕಾಯ ಸೇರಿಸಿದಾಗ ಪರಿಣಾಮ ಕುಗ್ಗಿತೇ ಹೊರತು ಪೂರ್ತಿ ಇಲ್ಲವಾಗಲಿಲ್ಲ.

ಗೀರು ಮುಚ್ಚಿದ ಮಾತ್ರಕ್ಕೆ ಅದನ್ನು ದುರಸ್ತಿಯೆಂದು ಕರೆಯಲು ನಾನು ಸಿದ್ಧನಿಲ್ಲ. ವಿಇಜಿಎಫ್ ಅನ್ನು 1983ರಲ್ಲಿ ಮೊದಲು ವರ್ಣಿಸಿದ್ದೇ ರಕ್ತನಾಳವನ್ನು ಸೋರುವಂತೆ ಮಾಡುವ ಅಂಶವೆಂದು. ಆದ್ದರಿಂದ ಮುಚ್ಚಿಕೊಂಡ ಹಾಸಿನ ಮೂಲಕ ಬಣ್ಣಕಟ್ಟಿದ ಡೆಕ್ಸ್‌ಟ್ರಾನ್ (ಸಕ್ಕರೆ ಘಟಕಗಳ ದೊಡ್ಡ ಅಣು) ಎಷ್ಟು ದಾಟುತ್ತದೆ ಎಂಬುದನ್ನೂ ಅಳೆದ ನಂತರವೇ ಫಲಿತಾಂಶವನ್ನು ದಾಖಲಿಸುತ್ತೇನೆ.